ಕಡಲನ್ನು ಮಕ್ಕಳಿಂದ ದೂರ ಇಡಬೇಡಿ, ಕಡಲು ಬಲ್ಲವರನ್ನು ಜೊತೆಗೆ ಕೊಡಿ

ಮಾನ್ಯ ಸಂಪಾದಕರೇ,

ಕಡಲತೀರದಲ್ಲಿ ಮಕ್ಕಳ ಸಾವು ಸಂಭವಿಸಿದಾಗಲೆಲ್ಲ ಶಾಲಾ ಪ್ರವಾಸದ ಪಟ್ಟಿಯಿಂದ ಸಮುದ್ರವನ್ನೇ ತೆಗೆದುಹಾಕಬೇಕು ಎಂಬ ಮಾತು ಕೇಳಿಬರುತ್ತದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದ ಮೇಲಂತೂ ಆ ಮಾತಿಗೆ ಎದುರಾಡುವವರೇ ಇಲ್ಲ. ನಮ್ಮ ಶಾಲೆಯ ಪೋಷಕರ ಸಭೆಯಲ್ಲೂ ಅದೇ ಆಯಿತು. ‘ಸಮುದ್ರದ ಸಹವಾಸವೇ ಬೇಡ ಮೇಡಂ, ಹಂಪಿಗೆ ಕರೆದುಕೊಂಡು ಹೋಗಿ’ ಎಂದರು. ಅವರ ಹೆದರಿಕೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನಗೂ ಇಬ್ಬರು ಮಕ್ಕಳಿದ್ದಾರೆ. ಆದರೂ ಆ ನಿರ್ಧಾರ ಸರಿಯಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದಕ್ಕೆ ಕಾರಣ ಹೇಳಬೇಕೆಂದೇ ಈ ಪತ್ರ.

ನಾನು ಹಿರಿಯೂರು ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ನಮ್ಮ ಕಡೆಯವರಿಗೆ ದೊಡ್ಡ ನೀರು ಎಂದರೆ ಮಾರಿಕಣಿವೆ ಜಲಾಶಯ. 1933ರ ನಂತರ 2022ರಲ್ಲಿ ಅದು ಮತ್ತೆ ಕೋಡಿ ಬಿದ್ದಾಗ ಸುತ್ತಲ ಹಳ್ಳಿಯ ಜನ ಬಾಗಿನ ಹಿಡಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋದರು. ನೀರನ್ನು ನಾವು ಹಾಗೆ ಕಾಣುತ್ತೇವೆ. ಅದು ಅಪರೂಪ, ಅದು ಬಂದರೆ ಹಬ್ಬ. ಬಾವಿಯಲ್ಲಿ ಈಜು ಕಲಿಯುವ ಹುಡುಗರು ಇಂದಿಗೂ ಇದ್ದಾರೆ. ಸೊಂಟಕ್ಕೆ ಬೆಂಡು ಕಟ್ಟಿ ಇಳಿಸುತ್ತಾರೆ. ಆದರೆ ಬಾವಿಯ ನೀರು, ಕೆರೆಯ ನೀರು, ಕೃಷಿ ಹೊಂಡದ ನೀರು ನಿಂತ ನೀರು. ಅದು ಆಳವಿರಬಹುದು, ಯಾರನ್ನೂ ಎಳೆದುಕೊಂಡು ಹೋಗುವುದಿಲ್ಲ. ಬಯಲುಸೀಮೆಯ ಮಗು ಮೊದಲ ಸಲ ಸಮುದ್ರದ ಮುಂದೆ ನಿಂತಾಗ ಅದಕ್ಕೆ ಗೊತ್ತಿರುವ ನೀರಿನ ಲೆಕ್ಕ ಒಂದೂ ಅಲ್ಲಿ ನಡೆಯುವುದಿಲ್ಲ. ಮುಳಬಾಗಿಲೂ ನಮ್ಮ ಹಾಗೆಯೇ ಒಣಸೀಮೆ. ಆ ಸುದ್ದಿ ಓದಿದ ದಿನ ನನಗೆ ಕಣ್ಣೆದುರು ಬಂದದ್ದು ನನ್ನ ತರಗತಿಯ ಹೆಣ್ಣುಮಕ್ಕಳ ಮುಖಗಳೇ.

ಕಳೆದ ಜನವರಿಯಲ್ಲಿ ನಾವು ಮನೆಮಂದಿಯೆಲ್ಲ ಹೊನ್ನಾವರಕ್ಕೆ ಹೋದೆವು. ಯಜಮಾನರು, ಹೈಸ್ಕೂಲು ಓದುವ ಮಗಳು, ಮೂರನೆಯ ತರಗತಿಯ ಮಗ, ನಮ್ಮ ಅತ್ತೆ. ಡಿ.ಇಡಿ. ಓದುವಾಗಿನ ನನ್ನ ಗೆಳತಿಗೆ ಅಲ್ಲಿಯೇ ಕೆಲಸ ಸಿಕ್ಕಿ, ಅಲ್ಲಿಯೇ ಮದುವೆಯೂ ಆಗಿ ನೆಲೆಸಿದ್ದಾಳೆ. ಬಹಳ ವರ್ಷಗಳಿಂದ ಕರೆಯುತ್ತಿದ್ದಳು. ಶಿವಮೊಗ್ಗ, ಸಾಗರ ದಾಟಿ, ಜೋಗ ನೋಡಿಕೊಂಡು, ಗೇರುಸೊಪ್ಪದ ಘಟ್ಟ ಇಳಿದೆವು. ಮೇಲೆ ಬಂಡೆಯಿಂದ 253 ಮೀಟರ್ ಧುಮುಕಿದ ಅದೇ ಶರಾವತಿ ಕೆಳಗೆ ಅಗಲವಾಗಿ ಹರಡಿಕೊಂಡು ಕಡಲು ಸೇರುವ ಊರು ಹೊನ್ನಾವರ. ನದಿ ಸಮುದ್ರ ಸೇರುವ ಜಾಗಕ್ಕೆ ಅಲ್ಲಿ ಅಳಿವೆ ಎನ್ನುತ್ತಾರೆ. ಮಕ್ಕಳಿಗೆ ಸಾಹಸದ ರಜೆ ಬೇಕಿತ್ತು. ದೋಣಿ ಹೊಡೆಯಬೇಕು, ನೀರಿನೊಳಗೆ ಮುಳುಗಿ ಮೀನು ನೋಡಬೇಕು, ಅಲೆಯಲ್ಲಿ ಆಡಬೇಕು ಎಂದು ಮನೆಯಲ್ಲೇ ಪಟ್ಟಿ ಮಾಡಿಕೊಂಡಿದ್ದರು. ಅದೆಲ್ಲವೂ ಸಿಕ್ಕಿತು. ಸಿಕ್ಕಿದ್ದು ಹೇಗೆ ಎಂಬುದನ್ನೇ ಓದುಗರಿಗೆ ತಿಳಿಸಬೇಕೆಂದಿದ್ದೇನೆ.

ಗೆಳತಿ ಒಂದು ಷರತ್ತು ಹಾಕಿದ್ದಳು. ಮಕ್ಕಳು ನೀರಿಗೆ ಇಳಿಯುವ ಮೊದಲು ಅವರ ಕೇರಿಯ ಒಬ್ಬ ಹಿರಿಯರು ಬರಬೇಕು, ಅವರು ಹೇಳಿದ ಕಡೆ ಮಾತ್ರ ಇಳಿಯಬೇಕು. ಅವರು ಅಂಬಿಗರು. ಚಿಕ್ಕಂದಿನಿಂದ ನಾಡದೋಣಿಯಲ್ಲಿ ಬಲೆ ಬೀಸಿದವರು, ಈಗ ಮಗನಿಗೆ ದೋಣಿ ಬಿಟ್ಟುಕೊಟ್ಟು ದಡದಲ್ಲಿ ಬಲೆ ಹೆಣೆಯುತ್ತಾರೆ. ಬೆಳಗ್ಗೆಯೇ ಬಂದರು. ಶಿಕ್ಷಕಿ ಎಂದು ತಿಳಿದು ನನ್ನನ್ನು ಆ ಕಡೆಯ ರೂಢಿಯಂತೆ ‘ಅಕ್ಕೋರೇ’ ಎಂದೇ ಕರೆದರು. ಮಕ್ಕಳು ‘ಅಜ್ಜ’ ಎಂದರು.

ಅಜ್ಜ ಮಕ್ಕಳನ್ನು ನೀರಿಗೆ ಬಿಡಲಿಲ್ಲ. ಮರಳಿನ ಮೇಲೆ ಕೂರಿಸಿದರು. ‘ಮೊದಲು ಸಮುದ್ರ ನೋಡಿ’ ಎಂದರು. ಮಗ ಎದ್ದು ಓಡಲು ಹೊರಟಾಗ ತೋಳು ಹಿಡಿದು ಕೂರಿಸಿದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: ‘ಇದರಲ್ಲಿ ನೀನು ಎಲ್ಲಿ ಇಳಿಯುತ್ತೀಯ?’ ಉದ್ದಕ್ಕೂ ಬಿಳಿ ನೊರೆಯೆಬ್ಬಿಸಿ ಅಲೆಗಳು ಒಡೆಯುತ್ತಿದ್ದವು. ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ ನೀರು ತಣ್ಣಗಿತ್ತು, ಬಣ್ಣ ತುಸು ಕಪ್ಪಾಗಿತ್ತು. ಮಗ ಅದನ್ನೇ ತೋರಿಸಿದ. ‘ಅಲ್ಲಿ ಅಲೆಯೇ ಇಲ್ಲವಲ್ಲ ಅಜ್ಜ.’

ಅವರು ಏನೂ ಹೇಳದೆ ದಡದಲ್ಲಿ ಬಿದ್ದಿದ್ದ ತೆಂಗಿನ ಸಿಪ್ಪೆಗಳನ್ನು ಆರಿಸಿ ತಂದರು. ಒಂದನ್ನು ಅಲೆ ಒಡೆಯುವ ಕಡೆ ಎಸೆದರು. ಅದು ಒಂದೆರಡು ಸಲ ಉರುಳಾಡಿ ನಮ್ಮ ಕಾಲ ಬುಡಕ್ಕೇ ಬಂದು ಬಿತ್ತು. ಇನ್ನೊಂದನ್ನು ಆ ತಣ್ಣಗಿನ ನೀರಿಗೆ ಎಸೆದರು. ಅದು ಮೊದಲು ಸುಮ್ಮನೆ ತೇಲಿತು. ನೋಡುತ್ತಿದ್ದಂತೆಯೇ ಹೊರಟಿತು. ಅಲೆ ಒಡೆಯುವ ಸಾಲನ್ನು ದಾಟಿ, ನಾವು ಕಣ್ಣು ಕಿರಿದು ಮಾಡಿಕೊಂಡು ನೋಡಬೇಕಾದಷ್ಟು ದೂರ ಹೋಯಿತು. ಮಗಳು ಎದ್ದು ನಿಂತುಬಿಟ್ಟಳು. ‘ಅದು ನೀನಾಗಿದ್ದರೆ?’ ಎಂದು ಅಜ್ಜ ಹುಡುಗನನ್ನು ಕೇಳಿದರು.

ಇದರ ಕಾರಣ ಕಷ್ಟದ್ದಲ್ಲ. ಅಲೆಗಳು ಹೊತ್ತು ತಂದು ದಡದಲ್ಲಿ ಸುರಿದ ನೀರು ಹೇಗಾದರೂ ಹಿಂದಕ್ಕೆ ಹೋಗಲೇಬೇಕು. ನೀರಿನಡಿಯ ಮರಳ ದಿಬ್ಬಗಳ ನಡುವೆ ಎಲ್ಲಿ ಆಳದ ಸಂದು ಸಿಗುತ್ತದೋ ಅಲ್ಲಿಂದ ಅದು ಒಟ್ಟಾಗಿ ಹೊರಗೆ ನುಗ್ಗುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ಮೇಲೆ ಶಾಂತವಾಗಿ ಕಾಣುತ್ತದೆ. ಅದೇ ಸೆಳೆತ. ಜೋರಾದಾಗ ಪಳಗಿದ ಈಜುಗಾರನೂ ಅದಕ್ಕೆ ಎದುರಾಗಿ ಈಜಿ ಗೆಲ್ಲಲಾರ. ಅದು ಮನುಷ್ಯನನ್ನು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಗಾಬರಿಯಿಂದ ದಡದ ಕಡೆಗೇ ಕೈಕಾಲು ಬಡಿದು ದಣಿದವರು ಮುಳುಗುತ್ತಾರೆ. ಸೆಳೆತಕ್ಕೆ ಸಿಕ್ಕಿದವರು ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಬೇಕು. ಸೆಳೆತದ ಅಗಲ ಹೆಚ್ಚಿರುವುದಿಲ್ಲ, ಅದನ್ನು ದಾಟಿದರೆ ಅಲೆಗಳೇ ದಡಕ್ಕೆ ತರುತ್ತವೆ. ಈಜಲು ಆಗದಿದ್ದರೆ ಅಂಗಾತ ತೇಲಿಕೊಂಡು ಒಂದು ಕೈ ಎತ್ತಿ ಸಹಾಯಕ್ಕೆ ಕಾಯಬೇಕು. ಇದಿಷ್ಟನ್ನೂ ಅಜ್ಜ ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆದು ಹೇಳಿಕೊಟ್ಟರು. ನಂತರ ಸೆಳೆತದಿಂದ ಬಹಳ ದೂರ ಕರೆದುಕೊಂಡು ಹೋಗಿ, ತಾವು ಮಕ್ಕಳಿಗಿಂತ ಮುಂದೆ ಎದೆಮಟ್ಟದ ನೀರಿನಲ್ಲಿ ಸಮುದ್ರದ ಕಡೆ ಮುಖ ಮಾಡಿ ನಿಂತು, ‘ಈಗ ಬನ್ನಿ’ ಎಂದರು. ಮಕ್ಕಳು ಮೊಣಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ ಹೊತ್ತು ಏರುವ ತನಕ ಆಡಿದರು.

ಸಂಪಾದಕರೇ, ನಮ್ಮ ಪಠ್ಯದಲ್ಲಿ ಸಮುದ್ರದ ಬಗ್ಗೆ ಪಾಠಗಳಿವೆ. ಉಬ್ಬರ ಇಳಿತಕ್ಕೆ ಚಂದ್ರ ಕಾರಣ ಎಂದು ನಾನೇ ಕಲಿಸುತ್ತೇನೆ. ಒಂದು ತೆಂಗಿನ ಸಿಪ್ಪೆಯಿಂದ ಆ ಬೆಳಗ್ಗೆ ನನ್ನ ಮಕ್ಕಳು ಕಲಿತದ್ದನ್ನು ಮುರುಡೇಶ್ವರಕ್ಕೆ ಹೋದ ಆ ಹೆಣ್ಣುಮಕ್ಕಳಿಗೂ ಯಾರಾದರೂ ತೋರಿಸಬೇಕಿತ್ತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಮುಂದಿನ ಸಾಹಸ ಕಾಂಡ್ಲಾ ಕಾಡಿನಲ್ಲಿ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡಿನಲ್ಲಿ, ದೋಣಿ ಹೊಡೆಯುವುದು. ಶರಾವತಿಯ ಹಿನ್ನೀರಿನಲ್ಲಿ, ಕುರ್ವೆ ಎಂದು ಕರೆಯುವ ನದಿಯ ನಡುಗಡ್ಡೆಗಳ ಅಂಚಿನಲ್ಲಿ ಕಾಂಡ್ಲಾ ಗಿಡಗಳು ಸೊಂಪಾಗಿ ಬೆಳೆದಿವೆ. ಅರಣ್ಯ ಇಲಾಖೆಯವರು ಮರದ ಕಾಲುದಾರಿಯನ್ನೂ ಮಾಡಿದ್ದಾರೆ. ಅತ್ತೆಯಂತಹ ವಯಸ್ಸಾದವರು ಕಾಲಿಗೆ ಕೆಸರು ಸೋಕದಂತೆ ಕಾಡಿನೊಳಗೆ ನಡೆದು ಬರಬಹುದು. ನಾವು ಮಾತ್ರ ಕಯಾಕ್‌ ಹತ್ತಿದೆವು. ಹೊರಡುವ ಹೊತ್ತನ್ನು ಗೊತ್ತು ಮಾಡಿದವರೂ ಅಜ್ಜನೇ. ಉಬ್ಬರ ಏರುವಾಗ ನೀರು ಕಡಲಿನಿಂದ ಒಳಕ್ಕೆ ಹರಿಯುತ್ತದೆ, ಆಗ ಮೇಲಕ್ಕೆ ಹೋಗುವುದು ಸುಲಭ. ಇಳಿತ ಶುರುವಾದಾಗ ಹಿಂದಿರುಗಿದರೆ ನೀರೇ ತಳ್ಳಿಕೊಂಡು ಬರುತ್ತದೆ. ಆದರೆ ಇಳಿತದ ಹೊತ್ತಿನಲ್ಲಿ ಅಳಿವೆಯ ಬಾಯಿಯ ಹತ್ತಿರ ಸುಳಿಯಲೇ ಬಾರದು. ನದಿಯ ನೀರು, ಗೇರುಸೊಪ್ಪದ ಅಣೆಕಟ್ಟಿನಿಂದ ಬಿಟ್ಟ ನೀರು, ಇಳಿಯುವ ಕಡಲ ನೀರು ಮೂರೂ ಸೇರಿ ಹೊರಗೆ ನುಗ್ಗುತ್ತವೆ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷದಂತೆ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚು ಇಳಿತವೂ ಹೆಚ್ಚು, ಅಷ್ಟಮಿಯ ಸುಮಾರಿಗೆ ಎರಡೂ ಕಡಿಮೆ. ಅಜ್ಜ ಇದಕ್ಕೆ ಮೊಬೈಲ್ ನೋಡುವುದಿಲ್ಲ, ತಿಥಿ ನೋಡುತ್ತಾರೆ. ನಮ್ಮ ಅತ್ತೆಗೆ ಇದು ಬಹಳ ಹಿಡಿಸಿತು. ಪಂಚಾಂಗ ಅವರಿಗೂ ಬಾಯಿಪಾಠ. ಆ ದಿನದಿಂದ ‘ಇವತ್ತು ದಶಮಿ, ನೀರು ಇಷ್ಟೇ ಬರುವುದು’ ಎಂದು ಮೊಮ್ಮಕ್ಕಳಿಗೆ ಅವರೇ ಹೇಳತೊಡಗಿದರು.

ಕಾಂಡ್ಲಾ ಒಳಗಿನ ಆ ಹೊತ್ತನ್ನು ವಿವರವಾಗಿ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಎರಡೂ ಕಡೆಯಿಂದ ಕೊಂಬೆ ಬಾಗಿ ಬಂದು, ನೀರಿನ ದಾರಿ ಕಯಾಕ್‌ ಒಂದು ಹೋಗುವಷ್ಟೇ ಉಳಿಯುತ್ತದೆ. ಹುಟ್ಟು ನೀರಿಗೆ ತಾಗುವ ಸದ್ದು ಬಿಟ್ಟರೆ ಕೆಸರು ಪಟಪಟ ಒಡೆಯುವ ಸಣ್ಣ ಸದ್ದು ಮಾತ್ರ. ಕಾಂಡ್ಲಾ ಗಿಡ ಕಾಂಡದಿಂದ ಕವಲುಗವಲಾಗಿ ಬೇರು ಇಳಿಬಿಟ್ಟು ಕೆಸರಿನಲ್ಲಿ ಊರಿಕೊಂಡು ನಿಂತಿರುತ್ತದೆ. ಇನ್ನೊಂದು ಜಾತಿಯದು ಕೆಸರಿನೊಳಗಿಂದ ಬೆರಳುದ್ದದ ಬೇರುಗಳನ್ನು ಮೇಲಕ್ಕೆ ಚಾಚಿ ಗಾಳಿ ತೆಗೆದುಕೊಳ್ಳುತ್ತದೆ. ಕೆಸರಿನಲ್ಲಿ ಆಮ್ಲಜನಕ ಸಾಲುವುದಿಲ್ಲ. ಕಾಂಡ್ಲಾದ ಬೀಜ ಗಿಡದಲ್ಲಿರುವಾಗಲೇ ಮೊಳೆತು, ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬಿದ್ದಿರುತ್ತದೆ. ಬಲಿತ ಮೇಲೆ ಕಳಚಿ, ಇಳಿತದ ಹೊತ್ತಾದರೆ ಕೆಸರಿಗೆ ನೆಟ್ಟಗೆ ನಾಟಿಕೊಳ್ಳುತ್ತದೆ, ಉಬ್ಬರವಾದರೆ ತೇಲಿ ಬೇರೆ ಕಡೆ ಹೋಗಿ ಬೇರು ಬಿಡುತ್ತದೆ. ಮಗನಿಗೆ ಇದಕ್ಕಿಂತ ಇಷ್ಟವಾದದ್ದು ಕೆಸರಿನ ಮೇಲೆ ಕುಪ್ಪಳಿಸುವ ಸಣ್ಣ ಮೀನು. ನೀರು ಬಿಟ್ಟು ಹೊರಬಂದು, ಮುಂದಿನ ರೆಕ್ಕೆಗಳನ್ನೇ ಊರಿ ನಡೆಯುತ್ತದೆ, ಬೇರಿನ ಮೇಲೂ ಹತ್ತುತ್ತದೆ. ಒಂದು ಬೆರಳಿಗಿಂತ ಸ್ವಲ್ಪ ದೊಡ್ಡದಿದ್ದ ಮೀನೊಂದು ಬೆನ್ನಿನ ರೆಕ್ಕೆ ಬಿಡಿಸಿ ನಿಂತು, ಪಕ್ಕದ ಏಡಿಯ ಮೇಲೆ ಜಗಳಕ್ಕೆ ಹೋದದ್ದನ್ನು ನಾವೆಲ್ಲ ಹುಟ್ಟು ಹಾಕುವುದನ್ನು ಬಿಟ್ಟು ನೋಡಿದೆವು. ಏಡಿಯ ಒಂದು ಕೊಂಡಿ ಅದರ ಮೈಯಷ್ಟೇ ದೊಡ್ಡದು. ಅದನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ ಮೀನನ್ನು ಹಿಂದಕ್ಕೆ ಕಳಿಸಿತು.

ಕಯಾಕ್‌ ಕೊಟ್ಟ ಹುಡುಗರು ಮಕ್ಕಳಿಗೆ ಜೀವರಕ್ಷಕ ಜಾಕೆಟ್ ತೊಡಿಸಿದ ರೀತಿಯನ್ನು ನಾನು ಗಮನವಿಟ್ಟು ನೋಡಿದೆ. ಮಗನ ಅಳತೆಯದೇ ಜಾಕೆಟ್ ತಂದರು. ಬಕಲ್‌ಗಳನ್ನೆಲ್ಲ ಹಾಕಿ, ಕಾಲುಸಂದಿಯ ಪಟ್ಟಿ ಬಿಗಿದರು. ಆಮೇಲೆ ಭುಜದ ಬಳಿ ಜಾಕೆಟ್ ಹಿಡಿದು ಮಗನನ್ನು ಮೇಲಕ್ಕೆ ಎತ್ತಿದರು. ಜಾಕೆಟ್ ಗಲ್ಲದವರೆಗೆ ಸರಿದು ಬಂದರೆ ಅದು ದೊಡ್ಡದಾಯಿತು ಎಂದೇ ಅರ್ಥ. ಅಂಥದ್ದನ್ನು ತೊಟ್ಟು ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತದೆ, ಮಗು ಅದರೊಳಗಿಂದ ಕೆಳಗೆ ಜಾರುತ್ತದೆ. ಈ ಪರೀಕ್ಷೆಗೆ ಅರ್ಧ ನಿಮಿಷವೂ ಬೇಡ. ಪ್ರತಿ ತಂದೆತಾಯಿಯೂ ಮಾಡಬಹುದು, ಮಾಡಲೇಬೇಕು.

ಅದೇ ಪ್ರವಾಸದಲ್ಲಿ ಇನ್ನೊಂದು ತೀರದಲ್ಲಿ ಕಂಡದ್ದು ಬೇರೆ. ಊರಿನ ಹೆಸರಾಗಲಿ ನಡೆಸುವವರ ಹೆಸರಾಗಲಿ ಬೇಡ. ಗಾಳಿ ತುಂಬಿದ ಉದ್ದನೆಯ ತೇಲುಬುಂಡೆಯ ಮೇಲೆ ಜನರನ್ನು ಕೂರಿಸಿ ಮೋಟಾರು ದೋಣಿಯಿಂದ ಎಳೆಯುವ ಆಟ ಅಲ್ಲಿ ಜೋರಾಗಿತ್ತು. ನನ್ನ ಮಗನಿಗಿಂತ ಚಿಕ್ಕ ಮಕ್ಕಳಿಗೆ ದೊಡ್ಡವರ ಜಾಕೆಟ್ ಸುತ್ತಿ ಕೂರಿಸುತ್ತಿದ್ದರು. ಒಂದರ ಬಕಲ್ ಮುರಿದಿತ್ತು, ಅದಕ್ಕೆ ಪ್ಲಾಸ್ಟಿಕ್ ದಾರದ ಗಂಟು. ಮಕ್ಕಳ ಅಳತೆಯದು ಇಲ್ಲವೇ ಎಂದು ಕೇಳಿದೆ. ‘ಏನೂ ಆಗುವುದಿಲ್ಲ, ಬೇಗ ಹತ್ತಿಸಿ, ಹಿಂದೆ ಜನ ಕಾಯುತ್ತಿದ್ದಾರೆ’ ಎಂಬ ಉತ್ತರ ಬಂತು. ನಾವು ಹತ್ತಿಸಲಿಲ್ಲ. ಮಗ ಅತ್ತ, ಸಂಜೆಯವರೆಗೂ ಮುಖ ಊದಿಸಿಕೊಂಡಿದ್ದ. ನಮ್ಮ ಹಿಂದೆ ನಿಂತಿದ್ದವರು ತಮ್ಮ ಮಕ್ಕಳನ್ನು ಹತ್ತಿಸಿದರು. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಆಮೇಲೆ ಎಲ್ಲರ ಬಾಯಲ್ಲೂ ಜಾಕೆಟ್ಟಿನದೇ ಮಾತು. ಜಾಕೆಟ್ ಮೈಮೇಲೆ ಇದ್ದರೆ ಸಾಲದು, ಅದು ಆ ಮೈಗೆ ಸರಿಯಾಗಿ ಕೂರಬೇಕು ಎಂಬ ತಪಾಸಣೆ ಇಂದಿಗೂ ನಡೆಸುವವರ ಮನಸ್ಸಿಗೆ ಬಿಟ್ಟದ್ದಾಗಿದೆ.

ಹಾಗೆಂದು ದುಡ್ಡು ತೆಗೆದುಕೊಳ್ಳುವವರೆಲ್ಲ ಹೀಗೆಯೇ ಎಂದರೆ ಅನ್ಯಾಯವಾಗುತ್ತದೆ. ಮಗಳ ಆಸೆಯಂತೆ ನೇತ್ರಾಣಿಗೆ ಹೋದೆವು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನಡುಗಡ್ಡೆ. ನೌಕಾಪಡೆಯವರು ಗುರಿ ಅಭ್ಯಾಸಕ್ಕೆ ಬಳಸಿದ ಜಾಗವೂ ಹೌದು. ಹೋಗುವಾಗ ಅಲೆಗೆ ಯಜಮಾನರಿಗೆ ಹೊಟ್ಟೆ ತೊಳಸಿತು. ಅದರ ಕಥೆ ಬೇಡ. ಸ್ಕೂಬಾ ಡೈವಿಂಗ್ ಮಾಡಿಸುವವರು ನಮ್ಮನ್ನು ದೋಣಿ ಹತ್ತಿಸುವ ಮೊದಲೇ ಒಂದು ನಮೂನೆ ತುಂಬಿಸಿಕೊಂಡರು. ಉಬ್ಬಸ ಇದೆಯೇ, ಕಿವಿ ಸೋರುತ್ತದೆಯೇ, ಹೃದಯದ ತೊಂದರೆ ಇದೆಯೇ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದೆಲ್ಲ ಕೇಳಿದರು. ಹತ್ತು ವರ್ಷ ತುಂಬದವರನ್ನು ಇಳಿಸುವುದಿಲ್ಲ ಎಂದು ಮಗನಿಗೆ ಮೃದುವಾಗಿ ಹೇಳಿದರು. ಅವನು ಜಾಕೆಟ್ ತೊಟ್ಟು, ಕನ್ನಡಕ ಹಾಕಿಕೊಂಡು, ತೇಲುಬಳೆ ಹಿಡಿದು ಮೇಲಿನಿಂದಲೇ ಮೀನು ನೋಡಿದ. ಮಗಳಿಗೆ ನೀರಿನೊಳಗಿನ ಸಂಜ್ಞೆ ಕಲಿಸಿದರು. ಅಲ್ಲಿ ಹೆಬ್ಬೆರಳು ಎತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲಕ್ಕೆ ಹೋಗಬೇಕು’ ಎಂದು. ಎಲ್ಲ ಸರಿಯಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ ತೋರಿಸಬೇಕು. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಆದ್ದರಿಂದ ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯನ್ನು ಸಮ ಮಾಡಿಕೊಳ್ಳುತ್ತಿರಬೇಕು, ಉಸಿರನ್ನು ಮಾತ್ರ ಎಂದೂ ಹಿಡಿದಿಡಬಾರದು. ಅವಳು ಮೊದಲು ಹೆದರಿ ಮೇಲಕ್ಕೆ ಬಂದಳು. ಕರೆದೊಯ್ದ ತರಬೇತುದಾರ ಒತ್ತಾಯ ಮಾಡಲಿಲ್ಲ. ದೋಣಿಯ ಹಗ್ಗ ಹಿಡಿದು ತೇಲಲು ಬಿಟ್ಟ, ಅವಳೇ ‘ಹೋಗೋಣ ಅಣ್ಣ’ ಎನ್ನುವವರೆಗೆ ಕಾದ. ಮೇಲೆ ಬಂದವಳ ಮಾತು ಆ ರಾತ್ರಿ ನಿಲ್ಲಲೇ ಇಲ್ಲ. ಬಂಡೆಯ ಸಂದಿನಲ್ಲಿ ಕಂಡ ಮೀನಿನ ಬಣ್ಣ ಹೇಳಲು ಅವಳು ಅಜ್ಜಿಯ ಸೀರೆಯ ಅಂಚನ್ನು ತೋರಿಸುತ್ತಿದ್ದಳು.

ಇಷ್ಟೆಲ್ಲ ಸಂತೋಷವನ್ನು ಬಯಲುಸೀಮೆಯ ಮಕ್ಕಳಿಂದ ಕಿತ್ತುಕೊಳ್ಳಬೇಕೇ? ನೇತ್ರಾಣಿ ದುಬಾರಿ, ಎಲ್ಲರಿಗೂ ಆಗುವ ಮಾತಲ್ಲ ಎಂಬುದು ನಿಜ. ಆದರೆ ಅಳಿವೆ, ಕಾಂಡ್ಲಾ, ಮೊಣಕಾಲಿನವರೆಗಿನ ಅಲೆ, ಇಳಿತದಲ್ಲಿ ಕೆಸರಿನಿಂದ ಬಳಚು ಎಂಬ ಚಿಪ್ಪುಜೀವಿ ಹೆಕ್ಕುವುದು, ಇವಕ್ಕೆಲ್ಲ ಎಷ್ಟು ಖರ್ಚು? ನಮ್ಮ ಅತ್ತೆ ಸಮುದ್ರವನ್ನೇ ನೋಡಿದವರಲ್ಲ. ಇಳಿತದ ಹೊತ್ತಿನಲ್ಲಿ ಬಳಚು ತೆಗೆಯುವ ಹೆಂಗಸರ ಜೊತೆ ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದು, ಕಾಲಿನಿಂದ ತಡವಿ ಚಿಪ್ಪು ಹುಡುಕುವುದನ್ನು ಅವರಿಂದ ಕಲಿತರು. ಅವರ ಭಾಷೆ ಇವರಿಗೆ, ಇವರ ಭಾಷೆ ಅವರಿಗೆ ಅರ್ಧ ತಿಳಿಯಿತು, ನಗು ಮಾತ್ರ ಪೂರ್ತಿ ತಿಳಿಯಿತು.

ಈಗ ನಮ್ಮ ತೀರಗಳಲ್ಲಿರುವ ಫಲಕಗಳನ್ನು ನೋಡಿ. ‘ಅಪಾಯ! ನೀರಿಗೆ ಇಳಿಯಬಾರದು.’ ಬಣ್ಣ ಮಾಸಿದ ಆ ಫಲಕಕ್ಕೆ ಬಟ್ಟೆ ತೂಗುಹಾಕಿ ಜನ ಅದರ ಕೆಳಗೇ ಸ್ನಾನ ಮಾಡುತ್ತಾರೆ. ನೂರಾರು ಕಿಲೋಮೀಟರ್ ದೂರದಿಂದ ಮಕ್ಕಳನ್ನು ಕರೆತಂದವರು ನೀರಿಗೆ ಕಾಲಿಡದೆ ಹಿಂದಿರುಗುವುದಿಲ್ಲ ಎಂಬುದು ಫಲಕ ಬರೆಸಿದವರಿಗೂ ಗೊತ್ತು. ಇಳಿಯಬಾರದು ಎಂಬ ಒಂದೇ ಮಾತು ಎಲ್ಲ ಕಡೆಯೂ ಇದ್ದರೆ, ನಿಜವಾಗಿ ಇಳಿಯಬಾರದ ಜಾಗ ಯಾವುದು ಎಂದು ತಿಳಿಯುವುದು ಹೇಗೆ? ಇಂದು ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ, ಸೆಳೆತ ಇರುವುದು ಎಲ್ಲಿ, ಇಳಿಯಬಹುದಾದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ಪ್ರತಿದಿನ ಬೆಳಗ್ಗೆ ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಬರೆದರೂ ಸಾಕು. ಶಾಲೆಗಳಲ್ಲಿ ನಾವು ದಿನವೂ ಹಾಜರಿ ಬರೆಯುವುದಿಲ್ಲವೇ? ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರು ಕಾಯುತ್ತಿರುವ ಜಾಗ, ಬರೀ ಕೆಂಪು ಬಾವುಟ ಇದ್ದರೆ ಇಳಿಯಬಾರದು ಎಂಬುದನ್ನು ಚಿತ್ರ ಬರೆದು ತಿಳಿಸಬೇಕು. ಓದು ಬಾರದವರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ.

ಇದು ಆಗದ ಕೆಲಸವಲ್ಲ. 2020ರಲ್ಲಿ ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀರಿನ ಶುದ್ಧತೆ, ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಮಾಹಿತಿ ಫಲಕ ಸೇರಿ 33 ಮಾನದಂಡಗಳಿಗೆ ಒಪ್ಪಿದರೆ ಮಾತ್ರ ಆ ಮಾನ್ಯತೆ. ನಮ್ಮದೇ ಕರಾವಳಿಯ ಎರಡು ಕಡೆ ಆದದ್ದು ಉಳಿದ ಕಡೆ ಯಾಕೆ ಆಗಬಾರದು? ಪೂರ್ತಿ ಮಾನ್ಯತೆಯ ಮಾತು ಹಾಗಿರಲಿ, ಜನ ಹೆಚ್ಚು ಸೇರುವ ಪ್ರತಿ ತೀರದಲ್ಲಿ ಕಾಯುವವರೂ ಕರಿಹಲಗೆಯೂ ಇರಲಿ.

ಕಾಯುವವರು ಯಾರು ಎಂಬುದಕ್ಕೂ ನನ್ನಲ್ಲಿ ಉತ್ತರವಿದೆ. ನಾನು ಕಂಡ ಜೀವರಕ್ಷಕರು ಬಿಸಿಲಿನಲ್ಲಿ ಸೀಟಿ ಊದಿ ಊದಿ ಗಂಟಲು ಒಣಗಿಸಿಕೊಂಡಿದ್ದರು. ಮೂಲೆಯಿಂದ ಮೂಲೆಗೆ ಓಡಾಡುತ್ತಿದ್ದ ಅವರ ಮಾತನ್ನು ಪ್ರವಾಸಿಗಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರ ಸಂಖ್ಯೆ ಹೆಚ್ಚಬೇಕು, ಸಂಬಳ ತಿಂಗಳಿಗೆ ಸರಿಯಾಗಿ ಕೈಸೇರಬೇಕು. ಜೊತೆಗೆ ಪ್ರತಿ ಮೀನುಗಾರರ ಕೇರಿಯಲ್ಲೂ ಅಜ್ಜನಂಥವರು ಇದ್ದಾರೆ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧವಿರುತ್ತದೆ. ಆಗ ಕೆಲಸವಿಲ್ಲದೆ ಕೂರುವ ತರುಣರಿಗೆ ಆ ದಿನಗಳಲ್ಲೇ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟು, ಗುರುತುಚೀಟಿ ಕೊಟ್ಟು, ಪ್ರವಾಸದ ತಿಂಗಳುಗಳಲ್ಲಿ ದಿನದ ಸಂಭಾವನೆ ಗೊತ್ತು ಮಾಡಿ ಶಾಲಾ ತಂಡಗಳ ಜೊತೆ ಕಳಿಸಬಹುದಲ್ಲ. ನಾವು ಕೊಟ್ಟ ಹಣವನ್ನು ಅಜ್ಜ ಮೊದಲು ಮುಟ್ಟಲೇ ಇಲ್ಲ. ‘ನೆಂಟರ ಮಕ್ಕಳಿಗೆ ಸಮುದ್ರ ತೋರಿಸಲು ದುಡ್ಡೇ ಅಕ್ಕೋರೇ?’ ಎಂದರು. ಗೆಳತಿ ಒತ್ತಾಯ ಮಾಡಿ ಕೊಡಿಸಿದಳು. ಅವರ ಒಳ್ಳೆಯತನದ ಮೇಲೆ ಇಡೀ ರಾಜ್ಯದ ಮಕ್ಕಳ ಜೀವ ನಿಲ್ಲಬಾರದು. ಅದು ಕೆಲಸ, ಅದಕ್ಕೆ ಕೂಲಿಯೂ ಗೌರವವೂ ಬೇಕು.

ಪೋಷಕರಿಗೂ ಶಿಕ್ಷಕರಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ; ಇವು ನಮ್ಮ ಕೆರೆ, ಕೃಷಿ ಹೊಂಡಗಳಿಗೂ ಅನ್ವಯಿಸುತ್ತವೆ. ಮುಳುಗುವ ಮಗು ಸಾಮಾನ್ಯವಾಗಿ ಕೂಗಿಕೊಳ್ಳುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಏಳುತ್ತಾ ಮುಳುಗುತ್ತಾ ಇರುವಾಗ ಉಸಿರಾಡಲೇ ಆಗುವುದಿಲ್ಲ, ಕೂಗುವುದೆಲ್ಲಿಂದ? ತಲೆ ಹಿಂದಕ್ಕೆ ವಾಲಿ, ನೋಟ ಶೂನ್ಯವಾಗಿ, ಸದ್ದಿಲ್ಲದೆ ಒಂದೇ ಕಡೆ ಇರುವ ಮಗು ಆಡುತ್ತಿದೆ ಎಂದುಕೊಳ್ಳಬೇಡಿ. ಹಾಗಾಗಿ ದಡದಲ್ಲಿ ಒಬ್ಬರು ಮೊಬೈಲ್ ಚೀಲದೊಳಗಿಟ್ಟು ಬರೀ ನೋಡುವ ಕೆಲಸಕ್ಕೇ ಇರಬೇಕು. ಮುಳುಗುವವರನ್ನು ಕಂಡು ಈಜು ಬಾರದವರು ಹಿಂದೆಯೇ ಹಾರುವುದರಿಂದ ಒಂದು ಸಾವು ನಾಲ್ಕಾಗುತ್ತದೆ. ಹಗ್ಗ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಎಸೆಯಿರಿ, ಉದ್ದನೆಯ ಕೋಲು ಚಾಚಿ, 112ಕ್ಕೆ ಕರೆ ಮಾಡಿ. ದಡಕ್ಕೆ ತಂದವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮ ಕಡೆ ಇಂದಿಗೂ ಇದೆ. ಅದರಿಂದ ಅಮೂಲ್ಯ ಹೊತ್ತು ಹಾಳಾಗುತ್ತದೆ. ಉಸಿರಿಲ್ಲದಿದ್ದರೆ ತಕ್ಷಣ ಬಾಯಿಯಿಂದ ಬಾಯಿಗೆ ಉಸಿರು ಕೊಟ್ಟು ಎದೆ ಒತ್ತಲು ಶುರು ಮಾಡಬೇಕು. ಪ್ರವಾಸಕ್ಕೆ ಹೊರಡುವ ಪ್ರತಿ ಶಿಕ್ಷಕರೂ ಇದನ್ನು ಬೊಂಬೆಯ ಮೇಲೆ ಕೈಯಾರೆ ಮಾಡಿ ಕಲಿತಿರಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಯವರು ಕರೆದರೆ ಬಂದು ಕಲಿಸುತ್ತಾರೆ ಎಂಬ ವಿಶ್ವಾಸ ನನಗಿದೆ.

ಶಿಕ್ಷಣ ಇಲಾಖೆಯಲ್ಲಿ ನನ್ನ ಕೋರಿಕೆ ಇದು. ಈ ವರ್ಷದ ಶೈಕ್ಷಣಿಕ ಪ್ರವಾಸದ ಸುತ್ತೋಲೆಯಲ್ಲಿ ಕಡಲತೀರವನ್ನು ನಿಷೇಧಿಸಬೇಡಿ. ಪೋಷಕರ ಒಪ್ಪಿಗೆ ಪತ್ರ ಕೇಳುವ ಸುತ್ತೋಲೆಯಲ್ಲೇ ಇನ್ನು ಕೆಲವು ಸಾಲು ಸೇರಿಸಿ: ಸ್ಥಳೀಯ ಜೀವರಕ್ಷಕರೋ ತರಬೇತಿ ಪಡೆದ ಮೀನುಗಾರರೋ ಜೊತೆಗಿಲ್ಲದೆ ಮಕ್ಕಳು ನೀರಿಗೆ ಇಳಿಯುವಂತಿಲ್ಲ, ಒಂದು ಸಲಕ್ಕೆ ಒಂದು ಸಣ್ಣ ಗುಂಪು ಮಾತ್ರ ಇಳಿಯಬೇಕು, ಸಂಜೆಗತ್ತಲಿಗೆ ಮೊದಲು ಎಲ್ಲರೂ ದಡದಲ್ಲಿರಬೇಕು, ಇಳಿಯುವ ಮೊದಲು ಕಾಲು ಗಂಟೆ ಮರಳಿನ ಮೇಲೆ ಕೂತು ಸಮುದ್ರ ನೋಡುವ ಪಾಠ ಕಡ್ಡಾಯ. ಪ್ರವಾಸೋದ್ಯಮ ಇಲಾಖೆಯವರು ಜಲಕ್ರೀಡೆಯ ಪರವಾನಗಿ ಕೊಡುವಾಗ ಮಕ್ಕಳ ಅಳತೆಯ ಜಾಕೆಟ್ ಎಷ್ಟಿವೆ ಎಂದು ಎಣಿಸಿ ನೋಡಲಿ, ಮುರಿದ ಬಕಲ್ ಕಂಡರೆ ಆ ದಿನವೇ ಆಟ ನಿಲ್ಲಿಸಲಿ.

ನಮ್ಮ ಶಾಲೆಯ ಐದನೆಯ ತರಗತಿಯ ಮಕ್ಕಳಿಗೆ ನಾನು ಸೆಳೆತದ ಪಾಠವನ್ನು ಈಗಾಗಲೇ ಮಾಡಿದ್ದೇನೆ. ಅಂಗಳದ ಮಣ್ಣಿನಲ್ಲಿ ದಿಬ್ಬ ಮಾಡಿ, ಸಂದು ಬಿಟ್ಟು, ಕೊಡದಿಂದ ನೀರು ಸುರಿದು, ಹುಲ್ಲುಕಡ್ಡಿ ತೇಲಿಬಿಟ್ಟು ತೋರಿಸಿದೆ. ಈ ಸಲದ ಪೋಷಕರ ಸಭೆಯಲ್ಲಿ ಅದನ್ನೇ ದೊಡ್ಡವರ ಮುಂದೆ ಮಕ್ಕಳೇ ಮಾಡಿ ತೋರಿಸಲಿದ್ದಾರೆ. ಆಮೇಲೆ ಹಂಪಿಯೋ ಹೊನ್ನಾವರವೋ ಎಂಬುದನ್ನು ಪೋಷಕರು ತೀರ್ಮಾನಿಸಲಿ. ಹೊನ್ನಾವರ ಎಂದರೆ ಅಜ್ಜನಿಗೆ ಫೋನ್ ಮಾಡಿ, ತಿಥಿ ಕೇಳಿಕೊಂಡು ದಿನ ಗೊತ್ತು ಮಾಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪ್ರಾಥಮಿಕ ಶಾಲಾ ಶಿಕ್ಷಕಿ, ಹಿರಿಯೂರು ತಾಲ್ಲೂಕು